ಸೊನ್ನಲಿಗೆಯ ಶ್ರೀ ಸಿದ್ಧರಾಮೇಶ್ವರರು

ಕ್ರಿಸ್ತಶಕ ೧೨ನೆಯ ಶತಮಾನದಲ್ಲಿ ಸೊನ್ನಲಿಗೆಯನ್ನು ಅಭಿನವ ಶ್ರೀಶೈಲವನ್ನಾಗಿ ಮಾಡಿದ ಶಿವಯೋಗಿ ಸಿದ್ಧರಾಮೇಶ್ವರರ ನಾಮವನ್ನು ಕೇಳದ ಶಿವಭಕ್ತರಿಲ್ಲ. ೧೯೬೦ರಿಂದ ಮಹಾರಾಷ್ಟ್ರ ರಾಜ್ಯಕ್ಕೆ ಸೇರಿರುವ ಸೊಲ್ಲಾಪುರವೇ ಆ ಸೊನ್ನಲಿಗೆ. ಮುದ್ದುಗೌಡ ಸುಗ್ಗಲಾದೇವಿಯರು ಅವರ ತಂದೆತಾಯಿಗಳು. ಬಾಲ್ಯದಲ್ಲಿ ಜಡನಂತೆ ತೋರುತ್ತ ದನ ಕಾಯುತ್ತಿದ್ದ ಈ ಬಾಲಕನಿಂದ ಊರವರು ಏನನ್ನೂ ನಿರೀಕ್ಷಿಸಿರಲಿಲ್ಲ.

ಒಂದು ದಿನ ಮಲ್ಲಯ್ಯನೆಂಬ ಜಂಗಮನು ಹೊಲಕ್ಕೆ ಬಂದು ಮಜ್ಜಿಗೆಯನ್ನವನ್ನು ಬೇಡಲು, ಬಾಲಕನು ಮನೆಗೋಡಿ ಅದನ್ನು ತರುವಷ್ಟರಲ್ಲಿ ಜಂಗಮನು ಕಾಣದಾದನು. ಅವನನ್ನು ಅರಸುತ್ತ ಶ್ರೀಶೈಲಕ್ಕೆ ಹೋಗಿ, ಅಲ್ಲಿಯೂ ಕಾಣದೆ ಕಮರಿಗೆ ಹಾರಲು ಮುಂದಾದಾಗ ಮಲ್ಲಿಕಾರ್ಜುನನೇ ಕೈಹಿಡಿದು ಉಳಿಸಿದನೆಂಬ ಕಥೆಯನ್ನು ರಾಘವಾಂಕ ಕವಿಯು ತನ್ನ ಸಿದ್ಧರಾಮ ಚಾರಿತ್ರದಲ್ಲಿ ಕರುಳು ಕರಗುವಂತೆ ವರ್ಣಿಸಿರುವನು.

ಶ್ರೀಶೈಲದಿಂದ ಮರಳಿದ ಸಿದ್ಧರಾಮರು ಕರ್ಮಯೋಗಿಗಳಾದರು. ದೇವಾಲಯವನ್ನು ಎತ್ತಿಸಿದರು, ೬೮ ಲಿಂಗಗಳನ್ನು ಸ್ಥಾಪಿಸಿದರೆಂದು ಪ್ರತೀತಿ, ನೀರಿಗೆ ಬಾಯಾರಿದ ಆ ನಾಡಿನಲ್ಲಿ ಮಹತ್ತಾದ ಕೆರೆಯನ್ನು ತೋಡಿಸತೊಡಗಿದರು. ಸಹಸ್ರಾರು ಜನರು ಅವರ ಮಾತಿಗೆ ಮಣ್ಣು ಹೊತ್ತರು. ಕಾರ್ಯವೇನೋ ಲೋಕಹಿತವಾದುದೇ. ಆದರೆ ಮಾಡಿದವನು ತಾನೆಂಬ ಭಾವವು ಕಾರ್ಯದೊಡನೆಯೇ ಬೆಳೆಯುತ್ತಿದ್ದುದನ್ನು ಸುತ್ತಲಿನ ಶಿಷ್ಯರಲ್ಲಿ ಹೇಳುವವರು ಯಾರು? ಸ್ತುತಿಸುವವರ ನಡುವೆ ಇರುವವರಿಗೆ ತಮ್ಮ ಕುಂದು ಕಾಣುವುದು ದುರ್ಲಭ.

ಅದನ್ನು ಹೇಳಲು ಅಲ್ಲಮಪ್ರಭುದೇವರು ಬಂದರು. ಶೂನ್ಯಸಂಪಾದನೆಯು ಈ ಪ್ರಸಂಗವನ್ನು ವಿಸ್ತಾರವಾಗಿ ತಿಳಿಸುತ್ತದೆ. ಪ್ರಭುದೇವರು ಕೆರೆಯ ಏರಿಯ ಮೇಲೆ ನಿಂತು, ಶಿವಯೋಗಿಯನ್ನು ಮಣ್ಣು ಹೊರುವ ಒಡ್ಡನೆಂದು ಹೆಸರಿಟ್ಟು ಕರೆದರು. ಕೇಳಿದ ಕೆಲಸದವರು ಕೆರಳಿ ಕಲ್ಲುಗಳನ್ನು ಬೀರಿದರು. ಸುದ್ದಿ ಮುಟ್ಟಿದೊಡನೆ ಸಿದ್ಧರಾಮರು ಧಾವಿಸಿ ಬಂದರು. ಆ ಗಳಿಗೆಯಲ್ಲಿ ತಮ್ಮವರನ್ನು ತಡೆದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ತಡೆಯಲಿಲ್ಲ, ಕ್ರೋಧದಿಂದ ಹಣೆಗಣ್ಣನ್ನೇ ತೆರೆದರು. ಉರಿಯು ಪ್ರಭುದೇವರ ಪಾದವನ್ನು ಮುಟ್ಟಿ ಅಡಗಿತು. ಬೆಂದು ಬಾಯಿಬಿಟ್ಟವರು ಸೊನ್ನಲಿಗೆಯ ಜನರು. ಯಾರ ನೀರಿಗಾಗಿ ಕೆರೆ ತೋಡುತ್ತಿದ್ದರೋ ಆ ಜನರೇ.

ಸಿದ್ಧರಾಮರ ಹಿರಿಮೆಯು ಪ್ರಕಟವಾದುದು ಇದರ ಮರುಕ್ಷಣದಲ್ಲಿ. ದೂಷಿಸುವುದಕ್ಕೆ ಅನ್ಯರು ಸಾಲದೆ ಇರಲಿಲ್ಲ. ಮೊದಲು ಕಲ್ಲೆಸೆದವರು ಕೆಲಸದವರು. ಕಟುವಾಗಿ ನುಡಿದವರು ಪ್ರಭುದೇವರು. ಅವರು ಯಾರ ಕಡೆಗೂ ಬೆರಳು ತೋರಲಿಲ್ಲ. ಕಣ್ಣು ತನ್ನದು, ಉರಿ ತನ್ನದು, ಬೆಂದವರು ತನ್ನವರು ಎಂಬುದನ್ನು ಅರಿತು ತಲೆವಾಗಿದರು. ಜನರನ್ನು ಉಳಿಸಬೇಕೆಂದು ತಾವು ಸುಡಹೊರಟವರನ್ನೇ ಬೇಡಿಕೊಂಡರು. ತಮ್ಮ ಶಿಷ್ಯಸಮೂಹದ ಕಣ್ಣೆದುರಿನಲ್ಲಿ ಹೀಗೆ ಬಾಗುವುದು ಕೆರೆ ತೋಡಿಸುವುದಕ್ಕಿಂತ ಕಠಿನವಾದ ಕಾಯಕ.

ಅಲ್ಲಿಂದ ಪ್ರಭುದೇವರೊಡನೆ ಕಲ್ಯಾಣಕ್ಕೆ ತೆರಳಿದರು. ಅಲ್ಲಿಯೂ ಎಲ್ಲವೂ ಒಮ್ಮೆಗೇ ತಿಳಿಯಾಗಲಿಲ್ಲ. ಅಂಗದ ಮೇಲೆ ಇಷ್ಟಲಿಂಗವಿಲ್ಲದುದನ್ನು ಶರಣರು ಪ್ರಶ್ನಿಸಲು, ಅಂತರಂಗದ ಯೋಗವನ್ನು ಅರಿತವನಿಗೆ ಹೊರಗಣ ಕುರುಹು ಏತಕ್ಕೆಂದು ಸಿದ್ಧರಾಮರು ವಾದಿಸಿದರು. ವಾದವು ದೀರ್ಘವಾಗಿಯೇ ನಡೆಯಿತು. ತಮ್ಮ ಮಾತಿನ ಬಲವು ಎಲ್ಲಿ ಮುಗಿಯಿತೆಂಬುದು ಮನವರಿಕೆಯಾದ ಮೇಲೆ ಹಟ ಹಿಡಿಯದೆ, ಕಿರಿಯ ವಯಸ್ಸಿನ ಚನ್ನಬಸವಣ್ಣನವರಿಂದ ದೀಕ್ಷೆಯನ್ನು ಪಡೆದರು. ಸಾವಿರಾರು ಜನರಿಗೆ ಗುರುವಾಗಿದ್ದವರು ಮತ್ತೆ ಶಿಷ್ಯರಾದರು. ಮುಂದೆ ಶೂನ್ಯಸಿಂಹಾಸನದ ಪರಂಪರೆಯಲ್ಲಿ ಅವರ ಹೆಸರೂ ಸೇರಿತು.

ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತದಿಂದ ಅವರು ರಚಿಸಿದ ವಚನಗಳು ವಿಪುಲವಾಗಿ ದೊರೆತಿವೆ. ಕೆರೆಯೂ ಉಳಿದಿದೆ. ತಪ್ಪು ಅಹಂಭಾವದಲ್ಲಿತ್ತಲ್ಲದೆ ನೀರಿನಲ್ಲಿರಲಿಲ್ಲವಷ್ಟೆ. ಆ ನೀರಿನ ನಡುವೆಯೇ ಸಿದ್ಧೇಶ್ವರ ದೇವಾಲಯವಿದ್ದು, ಅದರ ಆವರಣದಲ್ಲಿ ಶಿವಯೋಗಿಯ ಸಮಾಧಿಯಿದೆ. ಪ್ರತಿವರ್ಷವೂ ಮಕರ ಸಂಕ್ರಾಂತಿಯಂದು ಕನ್ನಡ ಮರಾಠಿಗಳೆಂಬ ಭೇದವಿಲ್ಲದೆ ಭಕ್ತರು ಅಲ್ಲಿಗೆ ಜಾತ್ರೆಗೆ ನೆರೆಯುತ್ತಾರೆ.