ದುಡಿಯುವವರ ಹಿತಚಿಂತಕ ಅಂಬೇಡ್ಕರ್

ಕಲಬುರಗಿ ಜಿಲ್ಲೆಯ ಪೂರ್ವಭಾಗವು ಸುಣ್ಣಕಲ್ಲಿನ ನಾಡು. ಶಹಾಬಾದಿನ ಹಾಸುಗಲ್ಲು ದೂರದೂರದ ಊರುಗಳ ಮನೆಗಳಿಗೆ ನೆಲವಾಗಿದೆ. ವಾಡಿ, ಚಿತ್ತಾಪುರ, ಸೇಡಂ ಪರಿಸರದಲ್ಲಿ ಸಿಮೆಂಟ್ ಕಾರ್ಖಾನೆಗಳು ತಲೆಯೆತ್ತಿವೆ. ಚಿಂಚೋಳಿಯ ಹಳ್ಳಿಗಳಿಂದಲೂ ತಾಂಡಾಗಳಿಂದಲೂ ಜನರು ಕೂಲಿಯನ್ನರಸಿ ಮುಂಬಯಿ, ಹೈದರಾಬಾದುಗಳವರೆಗೆ ಹೋಗುತ್ತಾರೆ. ಗಣಿಯಲ್ಲಿ ಕಲ್ಲು ಎಬ್ಬಿಸುವ ದಿನಗೂಲಿಯವನು ಜ್ವರದಿಂದ ಮಲಗಿದರೆ ಅಂದಿನ ಕೂಲಿಯೂ ಮಲಗಿದಂತೆಯೇ. ಕಾರ್ಖಾನೆಯ ಕಾಯಂ ಕೆಲಸಗಾರನಿಗಾದರೋ ವಾರದ ಬಿಡುವು, ಸಂಬಳಸಹಿತ ರಜೆ, ಕಾಯಿಲೆಗೆ ಚಿಕಿತ್ಸೆ, ಮುಪ್ಪಿಗೆ ಭವಿಷ್ಯನಿಧಿ ಇವೆ. ಇಬ್ಬರೂ ಒಂದೇ ಬಿಸಿಲಿನಲ್ಲಿ ಬೆವರು ಸುರಿಸುವವರೇ. ಈ ಸೌಲಭ್ಯಗಳು ಯಾರೋ ಒಬ್ಬರ ಔದಾರ್ಯದಿಂದ ಬಂದವಲ್ಲ. ಹೋರಾಟದಿಂದಲೂ ಶಾಸನದಿಂದಲೂ ಬಂದವು. ಆ ಶಾಸನಗಳಿಗೆ ಅಸ್ತಿಭಾರ ಹಾಕಿದವರಲ್ಲಿ ಡಾ. ಭೀಮರಾವ್ ಅಂಬೇಡ್ಕರರು ಅಗ್ರಗಣ್ಯರು.

ಅಂಬೇಡ್ಕರರು 1891ರ ಏಪ್ರಿಲ್ 14ರಂದು ಮಹೂ ಎಂಬ ದಂಡುಪ್ರದೇಶದಲ್ಲಿ ಜನಿಸಿದರು. ತಂದೆ ರಾಮಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರಾಗಿದ್ದವರು. ಅವರಿಗೆ ಬರುತ್ತಿದ್ದ ನಿವೃತ್ತಿವೇತನವು ಆ ಬಡ ಸಂಸಾರಕ್ಕೆ ಆಸರೆಯಾಗಿತ್ತು. ಮುಂಬಯಿಯ ಪರೇಲಿನಲ್ಲಿ ಗಿರಣಿ ಕಾರ್ಮಿಕರು ಕಿಕ್ಕಿರಿದಿದ್ದ ವಠಾರದ ಇಕ್ಕಟ್ಟಿನ ಕೋಣೆಯಲ್ಲಿದ್ದು ಭೀಮರಾವ್ ಓದಿದರು. ದುಡಿಯುವವರ ಬವಣೆಯನ್ನು ಅವರು ಗ್ರಂಥಗಳಿಂದ ಅರಿಯುವ ಮೊದಲೇ ನೆರೆಹೊರೆಯಲ್ಲಿ ಕಂಡರು.

ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ ಅವರು 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಉನ್ನತ ಶಿಕ್ಷಣ ಪಡೆದು 1917ರಲ್ಲಿ ಬರೋಡಾ ಸಂಸ್ಥಾನದ ಸೇವೆಗೆ ಸೇರಿದರು. ಉದ್ಯೋಗವಿತ್ತು, ಸಂಬಳವಿತ್ತು, ಆದರೆ ಅಸ್ಪೃಶ್ಯರೆಂಬ ಕಾರಣದಿಂದ ತಂಗಲು ಮನೆ ಸಿಗಲಿಲ್ಲ. ಜವಾನರೂ ಕಾಗದಪತ್ರಗಳನ್ನು ಅವರ ಕೈಗೆ ಕೊಡದೆ ದೂರದಿಂದ ಎಸೆಯುತ್ತಿದ್ದರು. ಕೆಲವೇ ದಿನಗಳಲ್ಲಿ ಅವರು ಆ ಕೆಲಸವನ್ನು ಬಿಟ್ಟು ಹೊರಬಂದರು. ಸಂಬಳವೊಂದೇ ಉದ್ಯೋಗವಲ್ಲ, ಘನತೆಯೂ ಅದರ ಅಂಗವೆಂಬ ಸತ್ಯವನ್ನು ಅವರು ಹೀಗೆ ಸ್ವಾನುಭವದಿಂದಲೇ ಅರಿತರು.

ಮುಂಬಯಿ ಶಾಸನಸಭೆಯ ಸದಸ್ಯರಾಗಿ ಅವರು 1928ರಲ್ಲಿ ಹೆರಿಗೆ ಸೌಲಭ್ಯದ ಮಸೂದೆಯನ್ನು ಬೆಂಬಲಿಸಿದರು. ತಾಯಿಗೆ ವಿಶ್ರಾಂತಿ ದೊರೆಯುವುದು ಇಡೀ ರಾಷ್ಟ್ರದ ಹಿತವಾದುದರಿಂದ ಅದರ ವೆಚ್ಚದಲ್ಲಿ ಸರ್ಕಾರವೂ ಪಾಲುಗೊಳ್ಳಬೇಕೆಂದು ವಾದಿಸಿದರು. 1936ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷವನ್ನು ಸ್ಥಾಪಿಸಿದರು. ಮುಷ್ಕರದ ಹಕ್ಕನ್ನು ಮೊಟಕುಗೊಳಿಸುವ ಮಸೂದೆಯನ್ನು ವಿರೋಧಿಸಿ 1938ರ ನವೆಂಬರ್ 7ರಂದು ಮುಂಬಯಿಯಲ್ಲಿ ನಡೆದ ಒಂದು ದಿನದ ಮುಷ್ಕರದ ಮುಂಚೂಣಿಯಲ್ಲಿ ನಿಂತರು.

1942ರಲ್ಲಿ ಅಂಬೇಡ್ಕರರು ವೈಸರಾಯರ ಕಾರ್ಯಾಂಗ ಮಂಡಲಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರಾದರು. ಅಲ್ಲಿಂದ ನಾಲ್ಕು ವರ್ಷಗಳ ಕಾಲ ಅವರು ಮಾಡಿದ ಕೆಲಸವು ಚಿರಸ್ಮರಣೀಯವಾದುದು. 1943ರ ಡಿಸೆಂಬರಿನಲ್ಲಿ ಧನಬಾದಿನ ಕಲ್ಲಿದ್ದಲು ಗಣಿಗಿಳಿದು ಕಾರ್ಮಿಕರ ಸ್ಥಿತಿಯನ್ನು ಕಣ್ಣಾರೆ ಕಂಡರು. ಮರುವರ್ಷವೇ ಗಣಿ ಕಾರ್ಮಿಕರ ಕ್ಷೇಮನಿಧಿಯು ಸ್ಥಾಪಿತವಾಯಿತು. ಕಾರ್ಮಿಕರ ಆರೋಗ್ಯವಿಮೆಯ ಯೋಜನೆ ರೂಪಿಸಲು ಅವರ ಇಲಾಖೆಯು ಪ್ರೊ. ಬಿ. ಪಿ. ಅದರ್ಕಾರರನ್ನು ನೇಮಿಸಿತು. 1944ರಲ್ಲಿ ಅವರು ಸಲ್ಲಿಸಿದ ವರದಿಯೇ 1948ರ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆಗೆ ಮೂಲವಾಯಿತು. ವರ್ಷವಿಡೀ ದುಡಿದವನಿಗೆ ಸಂಬಳಸಹಿತ ರಜೆಯನ್ನು ನೀಡುವ ಶಾಸನವು 1945ರಲ್ಲಿ ಬಂದಿತು. ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ ವಾರದ ದುಡಿಮೆಯ ಮಿತಿಯು 1946ರಲ್ಲಿ 54 ಗಂಟೆಗಳಿಂದ 48 ಗಂಟೆಗಳಿಗೆ ಇಳಿಯಿತು.

ಅದೇ ವರ್ಷ ಅವರು ಮಂಡಿಸಿದ ಸ್ಥಾಯೀ ಆದೇಶಗಳ ಮಸೂದೆಯು ಕಾಯ್ದೆಯಾಯಿತು. ನೂರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಉದ್ಯಮಗಳು ಕೆಲಸದ ನಿಯಮಗಳನ್ನು ಬರಹದಲ್ಲಿ ಪ್ರಕಟಿಸಬೇಕೆಂದು ಅದು ವಿಧಿಸಿತು. ಕಾಯಂ ಕೆಲಸಗಾರನು ಯಾರು, ತಾತ್ಕಾಲಿಕನು ಯಾರು, ಬದಲಿಯವನು ಯಾರು ಎಂಬುದು ಇದರಿಂದ ಸ್ಪಷ್ಟವಾಯಿತು. ರಜೆ ಪಡೆಯುವ ಕ್ರಮವೇನು, ಕೆಲಸದಿಂದ ತೆಗೆಯುವ ವಿಧಾನವೇನು ಎಂಬುದೂ ಕಾರ್ಮಿಕನಿಗೆ ತಿಳಿಯುವಂತಾಯಿತು. ಮೇಸ್ತ್ರಿಯ ಬಾಯಿಮಾತಿನ ಮೇಲೆ ನಿಂತಿದ್ದ ಬದುಕಿಗೆ ಬರಹದ ಆಧಾರ ದೊರೆಯಿತು.

ಆಗ ಸೇಡಂ, ಚಿತ್ತಾಪುರ, ಚಿಂಚೋಳಿ ಪ್ರದೇಶಗಳು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಬ್ರಿಟಿಷ್ ಭಾರತದ ಶಾಸನಗಳ ರಕ್ಷಣೆ ಇಲ್ಲಿಗೆ ನೇರವಾಗಿ ತಲುಪುವಂತಿರಲಿಲ್ಲ. 1948ರಲ್ಲಿ ಹೈದರಾಬಾದು ಭಾರತದೊಳಗೆ ಸೇರಿದ ತರುವಾಯ ಈ ನೆಲದ ದುಡಿಮೆಗಾರರೂ ಅವುಗಳ ನೆರಳಿಗೆ ಬಂದರು. 1952ರ ಭವಿಷ್ಯನಿಧಿ ಕಾಯ್ದೆಯು ಮುಪ್ಪಿನ ಚಿಂತೆಯನ್ನೂ ಕಡಿಮೆ ಮಾಡಿತು. ವಾಡಿಯಲ್ಲಿ 1968ರಲ್ಲಿ ದೊಡ್ಡ ಸಿಮೆಂಟ್ ಕಾರ್ಖಾನೆ ಆರಂಭವಾಗುವ ವೇಳೆಗೆ ಇವೆಲ್ಲ ದೇಶದ ಕಾನೂನುಗಳಾಗಿದ್ದವು.

ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿ ಅಂಬೇಡ್ಕರರು ಮಾಡಿದ ಸೇವೆ ಸರ್ವವಿದಿತ. ಜೀವನಯೋಗ್ಯ ಕೂಲಿ, ಹೆರಿಗೆಯ ನೆರವು ಮುಂತಾದ ಆದರ್ಶಗಳು ಸಂವಿಧಾನದ ನಿರ್ದೇಶಕ ತತ್ತ್ವಗಳಲ್ಲಿಯೂ ಸ್ಥಾನ ಪಡೆದಿವೆ. 1956ರ ನವೆಂಬರ್ 1ರಂದು ಕಲಬುರಗಿ ಸೀಮೆಯು ಕನ್ನಡ ನಾಡಿನೊಡನೆ ಒಂದಾಯಿತು. ಡಿಸೆಂಬರ್ 6ರಂದು ಅವರು ನಿಧನರಾದರು.

ಕಾರ್ಮಿಕ ಕಾಯ್ದೆಗಳಲ್ಲಿ ಅನೇಕವನ್ನು ಸಂಸತ್ತು 2019 ಮತ್ತು 2020ರಲ್ಲಿ ನಾಲ್ಕು ಸಂಹಿತೆಗಳಾಗಿ ಒಟ್ಟುಗೂಡಿಸಿದೆ. ಕಾಯ್ದೆಯ ಹೆಸರು ಬದಲಾಗಬಹುದು. ದುಡಿಯುವವನು ತನ್ನ ಹಕ್ಕನ್ನು ಅರಿತಿರಬೇಕೆಂಬ ತತ್ತ್ವವು ಬದಲಾಗದು. ಕಲ್ಲುಗಣಿಯ ದಿನಗೂಲಿಯವನಿಗೂ ಕಾಯಂ ಕೆಲಸಗಾರನಿಗಿರುವ ನೆಮ್ಮದಿ ದೊರೆತಂದು ಅಂಬೇಡ್ಕರರು ಆರಂಭಿಸಿದ ಕಾರ್ಯವು ಪೂರ್ಣಗೊಂಡಂತಾಗುವುದು.