ಆಣೆಯನ್ನೊಲ್ಲದ ಸತ್ಯವ್ರತಿ ಜಾರ್ಜ್ ಫಾಕ್ಸ್

ಹುಸಿಯನ್ನು ತೊರೆಯುವುದೇ ಅಂತರಂಗ ಬಹಿರಂಗಗಳ ಶುದ್ಧಿಯೆಂದು ಬಸವಾದಿ ಪ್ರಮಥರು ಬೋಧಿಸಿದರು. ಆದರೂ ನಮ್ಮ ಮಾತನ್ನು ಪರರು ನಂಬದಿದ್ದಾಗ ಲಿಂಗದಾಣೆ, ಗುರುವಿನಾಣೆ ಎನ್ನುವ ವಾಡಿಕೆಯು ನಮ್ಮಲ್ಲಿ ಉಳಿದೇ ಇದೆ. ಎಂತಹ ಆಣೆಯನ್ನೂ ಇಡಲೊಲ್ಲದೆ, ಅದಕ್ಕಾಗಿ ಸೆರೆವಾಸವನ್ನುಂಡ ಪರದೇಶದ ಭಕ್ತನೊಬ್ಬನ ಚರಿತ್ರೆಯು ಸದ್ಭಕ್ತರಿಗೆ ಮನನೀಯವಾಗಿದೆ.

ಜಾರ್ಜ್ ಫಾಕ್ಸನು ಕ್ರಿ. ಶ. 1624ರಲ್ಲಿ ಇಂಗ್ಲೆಂಡಿನ ಫೆನ್ನಿ ಡ್ರೇಟನ್ ಎಂಬ ಹಳ್ಳಿಯಲ್ಲಿ ನೇಕಾರನ ಮಗನಾಗಿ ಜನಿಸಿದನು. ಬಾಲ್ಯದಲ್ಲಿ ಪಾದರಕ್ಷೆ ಮಾಡುವವನಲ್ಲಿ ಕೆಲಸ ಕಲಿತನು. ಜೇಡರ ದಾಸಿಮಯ್ಯನನ್ನೂ ಸಮಗಾರ ಹರಳಯ್ಯನನ್ನೂ ವಂದಿಸುವ ನಮಗೆ ಇಂತಹ ಕಾಯಕಜೀವಿಯು ಪರಕೀಯನೆನಿಸನು. 1643ರಲ್ಲಿ ಮನೆಯನ್ನು ತೊರೆದು ಅನೇಕ ಪಾದ್ರಿಗಳನ್ನು ಕಂಡರೂ ಆತನಿಗೆ ಶಾಂತಿ ದೊರೆಯಲಿಲ್ಲ. ಕಡೆಗೆ, ದೇವರ ಬೆಳಕು ಪ್ರತಿಯೊಬ್ಬರ ಅಂತರಂಗದಲ್ಲಿಯೇ ಇರುವುದೆಂದು ಅರಿತು ಅದನ್ನೇ ಸಾರಿದನು. ಆತನ ಅನುಯಾಯಿಗಳಿಗೆ ಕ್ವೇಕರರೆಂದು ಹೆಸರಾಯಿತು.

ಆಣೆಯಿಡಬಾರದು, ಹೌದು ಅಲ್ಲ ಎಂಬಷ್ಟೇ ಸಾಕೆಂಬುದು ಯೇಸುವಿನ ಬೋಧೆ. ಕ್ವೇಕರರು ಅದನ್ನು ಅಕ್ಷರಶಃ ಪಾಲಿಸಿದರು. ಆಣೆಯಿಟ್ಟಾಗ ಮಾತ್ರ ಸತ್ಯವೆಂದರೆ ಉಳಿದ ಮಾತಿನಲ್ಲಿ ಹುಸಿಗೆ ಎಡೆಯಿತ್ತಂತಾಗುವುದೆಂದು ಅವರು ಬಗೆದರು. ಅವರಲ್ಲಿ ವ್ಯಾಪಾರಿಗಳಾದವರು ಚೌಕಾಶಿಯನ್ನು ಬಿಟ್ಟು ಎಲ್ಲರಿಗೂ ಒಂದೇ ಬೆಲೆಯನ್ನು ಹೇಳುತ್ತಿದ್ದರು.

1660ರಲ್ಲಿ ಇಂಗ್ಲೆಂಡಿಗೆ ರಾಜಪ್ರಭುತ್ವವು ಮರಳಿತು. ದಂಗೆಗೆ ಅಂಜಿದ ಅಧಿಕಾರಿಗಳು ಪ್ರಜೆಗಳಿಂದ ರಾಜನಿಷ್ಠೆಯ ಪ್ರಮಾಣವನ್ನು ಬಯಸಿದರು. 1662ರ ಕಾಯಿದೆಯು ಪ್ರಮಾಣವನ್ನೊಲ್ಲದ ಕ್ವೇಕರರನ್ನು ದಂಡನೆಗೆ ಗುರಿಮಾಡಿತು. 1664ರಲ್ಲಿ ಲ್ಯಾಂಕಾಸ್ಟರಿನ ನ್ಯಾಯಾಲಯದಲ್ಲಿ ಫಾಕ್ಸನ ಕೈಗೆ ಬೈಬಲ್ಲನ್ನು ಕೊಟ್ಟರು. ತಾನು ರಾಜದ್ರೋಹಿಯಲ್ಲ, ಆದರೆ ಆಣೆ ಬೇಡವೆನ್ನುವ ಗ್ರಂಥವನ್ನೇ ಹಿಡಿದು ಆಣೆಯಿಡುವುದೆಂತು ಎಂದು ಆತನು ವಾದಿಸಿದನು. 1666ರವರೆಗೆ ಲ್ಯಾಂಕಾಸ್ಟರ್ ಮತ್ತು ಸ್ಕಾರ್ಬರೊ ಕೋಟೆಗಳಲ್ಲಿ, ಮಳೆ ಸೋರುವ, ಹೊಗೆ ತುಂಬುವ ಕೋಣೆಗಳಲ್ಲಿ ಸೆರೆಯಿದ್ದು ಆತನ ದೇಹವು ಜರ್ಜರಿತವಾಯಿತು. ಆತನಿಗೆ ಆಶ್ರಯವಿತ್ತಿದ್ದ ಮಾರ್ಗರೆಟ್ ಫೆಲ್ ಎಂಬ ವಿಧವೆಯೂ ಆಣೆಯನ್ನೊಲ್ಲದೆ, ಆಸ್ತಿಯ ಮುಟ್ಟುಗೋಲು ಹಾಗೂ ಆಜೀವ ಸೆರೆಯ ಶಿಕ್ಷೆಗೊಳಗಾಗಿ, 1668ರಲ್ಲಿ ಬಿಡುಗಡೆ ಹೊಂದಿದಳು. ಮರುವರ್ಷ ಅವರಿಬ್ಬರೂ ಸತಿಪತಿಗಳಾದರು. 1673ರಲ್ಲಿ ಫಾಕ್ಸನು ಪುನಃ ಬಂಧಿತನಾದನು. ಮತ್ತೆ ಅದೇ ಪ್ರಮಾಣವನ್ನು ಕೇಳಿದರು, ಮತ್ತೆ ಆತನು ಒಲ್ಲೆನೆಂದನು. 1675ರಲ್ಲಿ ಬಿಡುಗಡೆಯಾಗಿ, 1691ರಲ್ಲಿ ಲಂಡನ್ನಿನಲ್ಲಿ ದೇಹವಿಟ್ಟನು.

ಆತನು ಕಾಣದ ಫಲವು 1696ರಲ್ಲಿ ದೊರೆಯಿತು. ಕ್ವೇಕರರು ಆಣೆಯ ಬದಲು ದೃಢವಚನವನ್ನು ನುಡಿದರೆ ಸಾಕೆಂದು ಕಾಯಿದೆಯಾಯಿತು. ನಮ್ಮ ದೇಶದ 1969ರ ಪ್ರಮಾಣಗಳ ಅಧಿನಿಯಮವೂ ಸಾಕ್ಷಿದಾರರಿಗೆ ಈ ಅವಕಾಶವನ್ನಿತ್ತಿದೆ.

ಶರಣಧರ್ಮವನ್ನು ಹಿಡಿದವರು ಇಲ್ಲಿ ಒಂದನ್ನು ವಿಚಾರಿಸಬೇಕು. ಆಣೆಯಿಡುವವನು ದೇವರನ್ನು ಆ ಗಳಿಗೆಗೆ ಸಾಕ್ಷಿಯಾಗಿ ಕರೆಯುತ್ತಾನೆ. ಅಂಗದ ಮೇಲೆ ಲಿಂಗವನ್ನು ಧರಿಸಿದವನಿಗೆ ಆ ಸಾಕ್ಷಿಯು ಅಗಲಿದ ಗಳಿಗೆಯುಂಟೆ? ಅಂಗಡಿಯ ತಕ್ಕಡಿಯ ಮುಂದೆ, ಸಾಲದ ಪತ್ರದ ಮುಂದೆ, ಮನೆಯ ಮಕ್ಕಳ ಮುಂದೆ ನುಡಿಯುವುದೆಲ್ಲವೂ ಲಿಂಗದ ಸನ್ನಿಧಿಯಲ್ಲಿಯೇ ನುಡಿದುದು. ಕೊಟ್ಟೂರೇಶ್ವರನ ಸನ್ನಿಧಿಯಲ್ಲಿ ಬಾಳುವ ನಾವು ಆಣೆಯ ಅಗತ್ಯವೇ ಬಾರದಂತೆ ನಡೆದುಕೊಂಡರೆ ಅದೇ ನಿಜವಾದ ಲಿಂಗಪೂಜೆಯಾಗುವುದು.