ಲೂಸಿಲ್ ಬಾಲ್: ತೆರೆಯ ಮೇಲಿನ ಸಂಸಾರ, ತೆರೆಯ ಹಿಂದಿನ ಸಂಸಾರ

ಅಮೆರಿಕದ ದೂರದರ್ಶನ ಹಾಸ್ಯದ ಇತಿಹಾಸದಲ್ಲಿ ಲೂಸಿಲ್ ಬಾಲ್ ಅವರದು ಅಗ್ರಗಣ್ಯ ಹೆಸರು. ಅವರು 1911ರ ಆಗಸ್ಟ್ 6ರಂದು ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನಿನಲ್ಲಿ ಜನಿಸಿದರು. ನಾಲ್ಕು ವರ್ಷ ತುಂಬುವ ಮೊದಲೇ ತಂದೆ ಟೈಫಾಯ್ಡ್ ಜ್ವರಕ್ಕೆ ಬಲಿಯಾದರು. ಆಗ ತಾಯಿ ಗರ್ಭಿಣಿ. ಆ ಜ್ವರಕ್ಕೆ ಪರಿಣಾಮಕಾರಿ ಔಷಧ ದೊರೆತದ್ದು ಮೂರು ದಶಕಗಳ ನಂತರ.

ಹದಿಹರೆಯದಲ್ಲಿ ಸೇರಿದ ನ್ಯೂಯಾರ್ಕಿನ ನಾಟಕಶಾಲೆ ಈ ಸಂಕೋಚದ ಹುಡುಗಿಯನ್ನು ಮನೆಗೆ ಮರಳಿಸಿತು. ಬಳಿಕ ರೂಪದರ್ಶಿಯಾಗಿ ದುಡಿದು, 1933ರಲ್ಲಿ ಹಾಲಿವುಡ್ ಸೇರಿ, ವರ್ಷಗಟ್ಟಲೆ ಸಣ್ಣಪುಟ್ಟ ಪಾತ್ರಗಳಲ್ಲಿ ನಟಿಸಿದರು. 1940ರಲ್ಲಿ ಕ್ಯೂಬಾ ಮೂಲದ ಗಾಯಕ ಡೆಸಿ ಅರ್ನಾಜ್‌ರನ್ನು ವಿವಾಹವಾದರು. ವಾದ್ಯವೃಂದದೊಡನೆ ಪತಿ ಊರೂರು ಸುತ್ತುತ್ತಿದ್ದರು; ಪತ್ನಿ ಹಾಲಿವುಡ್ಡಿನಲ್ಲಿ. ಹೀಗೆ ದೂರವಿದ್ದ ದಾಂಪತ್ಯದಲ್ಲಿ ಬಿರುಕು ಮೂಡಿತು.

ರೇಡಿಯೋದಲ್ಲಿ ಹೆಸರು ಮಾಡಿದ ಲೂಸಿಲ್‌ರಿಗೆ ಸಿಬಿಎಸ್ ಸಂಸ್ಥೆ ದೂರದರ್ಶನಕ್ಕೆ ಕರೆ ನೀಡಿದಾಗ, ಗಂಡನ ಪಾತ್ರವನ್ನು ಡೆಸಿಯವರೇ ಮಾಡಬೇಕೆಂದು ಅವರು ಪಟ್ಟು ಹಿಡಿದರು. ಪತಿಯನ್ನು ಮನೆಯಲ್ಲಿ ಉಳಿಸಿಕೊಳ್ಳುವ ಆಸೆಯೂ ಅದರಲ್ಲಿತ್ತು. ಅವರ ವಿದೇಶಿ ಉಚ್ಚಾರಣೆಯನ್ನು ಜನ ಒಪ್ಪುವರೇ ಎಂದು ಸಂಸ್ಥೆ ಅನುಮಾನಿಸಿತು. 1950ರಲ್ಲಿ ದಂಪತಿಗಳು ರಂಗಪ್ರದರ್ಶನಗಳನ್ನು ನೀಡಿ ಜನಮೆಚ್ಚುಗೆಯನ್ನು ಸಾಬೀತುಪಡಿಸಿದರು. ‘ಐ ಲವ್ ಲೂಸಿ’ 1951ರ ಅಕ್ಟೋಬರ್ 15ರಂದು ಆರಂಭವಾಯಿತು. ಪ್ರೇಕ್ಷಕರೆದುರು ಮೂರು ಕ್ಯಾಮೆರಾಗಳಿಂದ ಫಿಲ್ಮಿನಲ್ಲೇ ಅದನ್ನು ಚಿತ್ರೀಕರಿಸಲಾಯಿತು. ಹೆಚ್ಚುವರಿ ವೆಚ್ಚಕ್ಕಾಗಿ ಸಂಭಾವನೆ ಕಡಿಮೆ ಮಾಡಿಕೊಂಡ ದಂಪತಿಗಳು ಕಂತುಗಳ ಒಡೆತನವನ್ನು ತಮ್ಮ ‘ಡೆಸಿಲು’ ಸಂಸ್ಥೆಗೆ ಉಳಿಸಿಕೊಂಡರು. ಮರುಪ್ರಸಾರದ ಸಂಪತ್ತಿಗೆ ಅದೇ ಮೂಲವಾಯಿತು.

ಗರ್ಭಪಾತಗಳ ನೋವುಂಡ ಲೂಸಿಲ್‌ರಿಗೆ ಮೊದಲ ಮಗಳು ಹುಟ್ಟಿದ್ದು ನಲವತ್ತರ ಹೊಸ್ತಿಲಲ್ಲಿ, 1951ರ ಜುಲೈಯಲ್ಲಿ. ಮರುವರ್ಷ ಮತ್ತೆ ಗರ್ಭಿಣಿಯಾದಾಗ ಅದನ್ನು ಬಚ್ಚಿಡದೆ ಕಥೆಯೊಳಗೇ ತಂದರು. ‘ಗರ್ಭಿಣಿ’ ಎಂಬ ಪದವನ್ನೇ ಬಳಸುವಂತಿರಲಿಲ್ಲ. ಪಾದ್ರಿ, ಪ್ರಾಟೆಸ್ಟೆಂಟ್ ಬೋಧಕ ಮತ್ತು ಯೆಹೂದಿ ರಬ್ಬಿ ಸಂಭಾಷಣೆಗಳನ್ನು ಪರಿಶೀಲಿಸುತ್ತಿದ್ದರು. 1953ರ ಜನವರಿ 19ರಂದು ಸಿಸೇರಿಯನ್ ಮೂಲಕ ಮಗ ಜನಿಸಿದ. ಅದೇ ರಾತ್ರಿ ಧಾರಾವಾಹಿಯಲ್ಲಿಯೂ ಗಂಡುಮಗು ಹುಟ್ಟಿತು. ಸುಮಾರು 4.4 ಕೋಟಿ ಜನ ಅದನ್ನು ವೀಕ್ಷಿಸಿದರು.

ತೆರೆಯ ಮೇಲಿನ ಸಂಸಾರ ದೇಶವನ್ನು ನಗಿಸುತ್ತಿದ್ದರೂ ಡೆಸಿಯವರ ಮದ್ಯವ್ಯಸನ, ಪರಸ್ತ್ರೀಸಂಗಗಳಿಂದ ಮನೆ ಒಡೆಯಿತು. 1960ರಲ್ಲಿ ವಿಚ್ಛೇದನವಾಯಿತು. 1961ರಲ್ಲಿ ಲೂಸಿಲ್ ಹಾಸ್ಯಗಾರ ಗ್ಯಾರಿ ಮಾರ್ಟನ್‌ರನ್ನು ವರಿಸಿದರು. 1962ರಲ್ಲಿ ಡೆಸಿಯವರ ಪಾಲನ್ನು ಕೊಂಡು ‘ಡೆಸಿಲು’ವಿನ ಮುಖ್ಯಸ್ಥೆಯಾದರು. ‘ಸ್ಟಾರ್ ಟ್ರೆಕ್’ ರೂಪುಗೊಂಡದ್ದು ಅವರ ಒಡೆತನದಲ್ಲಿಯೇ. 1968ರಲ್ಲಿ ಆರಂಭವಾದ ‘ಹಿಯರ್ಸ್ ಲೂಸಿ’ಯಲ್ಲಿ ಸ್ವಂತ ಮಕ್ಕಳಿಬ್ಬರೂ ಅವರ ಮಕ್ಕಳಾಗಿಯೇ ನಟಿಸಿದರು. ಡೆಸಿಯವರೊಡನೆ ಸ್ನೇಹ ಕೊನೆಯವರೆಗೂ ಉಳಿಯಿತು. ಅವರು 1986ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ನಿಧನರಾದರು.

1989ರ ಏಪ್ರಿಲ್‌ನಲ್ಲಿ ಲೂಸಿಲ್‌ರಿಗೆ ಮಹಾಪಧಮನಿಯ ಶಸ್ತ್ರಚಿಕಿತ್ಸೆಯಾಯಿತು. ಚೇತರಿಸಿಕೊಳ್ಳುತ್ತಿದ್ದಾಗಲೇ ಅದೇ ಧಮನಿ ಉದರಭಾಗದಲ್ಲಿ ಒಡೆದು, 26ರಂದು ತಮ್ಮ 77ನೆಯ ವಯಸ್ಸಿನಲ್ಲಿ ಅವರು ಕೊನೆಯುಸಿರೆಳೆದರು. ಮಕ್ಕಳು ಅವರ ಚಿತಾಭಸ್ಮವನ್ನು 2002ರಲ್ಲಿ ಜೇಮ್ಸ್‌ಟೌನಿನ ಕುಟುಂಬದ ಸಮಾಧಿಸ್ಥಳಕ್ಕೆ ಕೊಂಡೊಯ್ದರು.